ಆನೆಯ ಕಾಡಿನಲ್ಲಿ ಇರುವೆಯ ಲೆಕ್ಕ

‘ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಯಾವ ಜೀವಿಯ ಬಾಳೂ ಅದರ ಮಟ್ಟಿಗೆ ಅಲ್ಪವಲ್ಲ ಎಂಬ ತಿಳಿವಳಿಕೆ ಈ ಮಾತಿನಲ್ಲಿದೆ. ಆದರೆ ಕಾಡಿನ ವಿಚಾರ ಬಂದಾಗ ನಾವು ಈ ಗಾದೆಯ ಮೊದಲರ್ಧವನ್ನು ಮಾತ್ರ ನೆನೆಯುತ್ತೇವೆ. ಚಾಮರಾಜನಗರ ಜಿಲ್ಲೆಯ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಕಾಡುಗಳಲ್ಲಿ ಹುಲಿಗಳೆಷ್ಟು, ಆನೆಗಳೆಷ್ಟು ಎಂದು ಸರ್ಕಾರ ಕಾಲಕಾಲಕ್ಕೆ ಎಣಿಸುತ್ತದೆ. ಪತ್ರಿಕೆಗಳು ಆ ಸಂಖ್ಯೆಯನ್ನು ಪ್ರಕಟಿಸುತ್ತವೆ. ಜನ ಆಸಕ್ತಿಯಿಂದ ಓದುತ್ತಾರೆ. ಅದೇ ಕಾಡಿನ ನೆಲದ ಮೇಲೆ, ತರಗೆಲೆಯ ಅಡಿಯಲ್ಲಿ, ಮರದ ಪೊಟರೆಯಲ್ಲಿ ಎಷ್ಟು ಬಗೆಯ ಇರುವೆಗಳಿವೆ ಎಂದು ಕೇಳುವವರು ವಿರಳ. ಕೇಳಬೇಕು ಎಂಬುದು ಈ ಲೇಖನದ ಮೊದಲ ಮಾತು. ಹಾಗೆ ಕೇಳುವ ಕೆಲಸ ಒಬ್ಬರಿಂದ ಆಗುವಂಥದಲ್ಲ, ಹಲವರು ಸಮಾನರಾಗಿ ಕೂಡಿ ಮಾಡಬೇಕಾದದ್ದು ಎಂಬುದು ಎರಡನೆಯ ಮಾತು.

ಇರುವೆ ಎಷ್ಟು ಸಣ್ಣದೋ ಅದರ ಬಳಗ ಅಷ್ಟೇ ದೊಡ್ಡದು. ಜಗತ್ತಿನ ನಾನಾ ಭಾಗಗಳಲ್ಲಿ ನಡೆದ 489 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಜ್ಞಾನಿಗಳು 2022ರಲ್ಲಿ ಒಂದು ಅಂದಾಜನ್ನು ಪ್ರಕಟಿಸಿದರು. ಅದರ ಪ್ರಕಾರ ಭೂಮಿಯ ಮೇಲಿರುವ ಇರುವೆಗಳ ಸಂಖ್ಯೆ ಸುಮಾರು 20,000 ಲಕ್ಷ ಕೋಟಿ. ಅಂದರೆ 2ರ ಮುಂದೆ 16 ಸೊನ್ನೆಗಳು. ಇದುವರೆಗೆ ಹೆಸರು ಪಡೆದ ಇರುವೆಯ ಪ್ರಭೇದಗಳು 14,000ಕ್ಕೂ ಹೆಚ್ಚು. ಭಾರತಕ್ಕೆ ಸಂಬಂಧಿಸಿದಂತೆ 2016ರಲ್ಲಿ ಸಿದ್ಧವಾದ ಪಟ್ಟಿಯಲ್ಲಿ 100 ಕುಲಗಳಿಗೆ ಸೇರಿದ 828 ಪ್ರಭೇದ ಮತ್ತು ಉಪಪ್ರಭೇದಗಳಿವೆ. ಈ ಪಟ್ಟಿಯನ್ನು ಮಾಡಿದವರು ಯಾರು ಎಂಬುದೂ ಗಮನಾರ್ಹ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದ ವಿದ್ವಾಂಸರೊಂದಿಗೆ ಹಾಂಗ್‌ಕಾಂಗ್ ಮತ್ತು ಜಪಾನಿನ ಓಕಿನಾವಾ ದ್ವೀಪದ ಸಂಶೋಧಕರು ಕೂಡಿ ದುಡಿದರು. ನಮ್ಮ ನೆಲದ ಇರುವೆಯ ಲೆಕ್ಕಕ್ಕೂ ಮೂರು ನಾಡಿನ ಪಂಡಿತರು ಬೇಕಾದರು.

ಇಷ್ಟು ಶ್ರಮವೇಕೆ ಎಂದು ನೀವು ಕೇಳಬಹುದು. ಇರುವೆ ಮಣ್ಣನ್ನು ಕೆದಕಿ ಮೇಲೆ ಕೆಳಗೆ ಮಾಡುತ್ತದೆ. ಆ ರಂಧ್ರಗಳ ಮೂಲಕ ನೀರೂ ಗಾಳಿಯೂ ನೆಲದೊಳಗೆ ಇಳಿಯುತ್ತವೆ. ಕೆಲವು ಗಿಡಗಳ ಬೀಜಕ್ಕೆ ಅಂಟಿಕೊಂಡಿರುವ ಎಣ್ಣೆಯ ಅಂಶದ ಆಸೆಗೆ ಅದು ಬೀಜವನ್ನೇ ಹೊತ್ತೊಯ್ಯುತ್ತದೆ. ತಿನ್ನುವ ಭಾಗವನ್ನು ತಿಂದು ಉಳಿದುದನ್ನು ಬಿಟ್ಟಲ್ಲಿ ಹೊಸ ಗಿಡ ಹುಟ್ಟುತ್ತದೆ. ಸತ್ತ ಹುಳುಹುಪ್ಪಟೆಗಳನ್ನು ಕೊಂಡೊಯ್ದು ಕಾಡನ್ನು ಶುಚಿಗೊಳಿಸುತ್ತದೆ. ಮಲೆನಾಡಿನಲ್ಲಿ ಚಗಳಿ ಎಂದು ಕರೆಯುವ ಕೆಂಪಿರುವೆ ಎಲೆಗಳನ್ನು ಹೊಲಿದು ಮರದಲ್ಲಿ ಗೂಡು ಕಟ್ಟಿ, ಆ ಮರದ ಕೀಟಗಳನ್ನು ಬೇಟೆಯಾಡುತ್ತದೆ. ಚೀನಾದ ತೋಟಗಾರರು ಕಿತ್ತಳೆಯ ಜಾತಿಯ ಮರಗಳ ರಕ್ಷಣೆಗೆ ಈ ಇರುವೆಯ ಗೂಡುಗಳನ್ನು ಬಳಸುತ್ತಿದ್ದರೆಂದು ಹಳೆಯ ಚೀನೀ ಗ್ರಂಥವೊಂದು ತಿಳಿಸುತ್ತದೆ. ಕಾಡು ಕೆಟ್ಟಾಗ ಇರುವೆಗಳ ಬಗೆಗಳು ಬಹುಬೇಗ ಬದಲಾಗುತ್ತವೆ. ಆದುದರಿಂದ ಇರುವೆಯನ್ನು ಬಲ್ಲವನು ನೆಲದ ಆರೋಗ್ಯವನ್ನೂ ಬಲ್ಲವನಾಗುತ್ತಾನೆ.

ಇರುವೆಗಳನ್ನು ಅರಿಯಲು ಹೊರಟವರು ಬಹುಕಾಲದಿಂದ ದ್ವೀಪಗಳತ್ತ ಮುಖಮಾಡಿದ್ದಾರೆ. ಸುತ್ತಲೂ ಕಡಲಿನ ಎಲ್ಲೆಯಿರುವ ಸಣ್ಣ ನೆಲದಲ್ಲಿ ಯಾವ ಜೀವಿ ಬಂತು, ಯಾವುದು ಅಳಿಯಿತು ಎಂದು ಲೆಕ್ಕವಿಡುವುದು ಸುಲಭ. ಅಮೆರಿಕದ ಎಡ್ವರ್ಡ್ ವಿಲ್ಸನ್ ಎಂಬ ವಿಜ್ಞಾನಿ ತಮ್ಮ ಯೌವನದಲ್ಲಿ ಪೆಸಿಫಿಕ್ ಸಾಗರದ ಉಷ್ಣವಲಯದ ದ್ವೀಪಗಳಲ್ಲಿ ಇರುವೆಗಳನ್ನು ಸಂಗ್ರಹಿಸಿದರು. ಮುಂದೆ ಗಣಿತದಲ್ಲಿ ಪಳಗಿದ ರಾಬರ್ಟ್ ಮೆಕಾರ್ಥರ್ ಅವರೊಡನೆ ಕೂಡಿ 1967ರಲ್ಲಿ ಒಂದು ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮಂಡಿಸಿದರು. ದ್ವೀಪ ದೊಡ್ಡದಾದಷ್ಟೂ, ಮುಖ್ಯ ಭೂಭಾಗಕ್ಕೆ ಹತ್ತಿರವಾದಷ್ಟೂ ಅಲ್ಲಿನ ಜೀವಿಗಳ ಬಗೆಗಳು ಹೆಚ್ಚು. ಚಿಕ್ಕದಾಗಿ ದೂರವಾದಷ್ಟೂ ಕಡಿಮೆ ಎಂಬುದು ಅದರ ಸಾರ. ಒಬ್ಬರು ಇರುವೆಯನ್ನು ಬಲ್ಲವರು, ಇನ್ನೊಬ್ಬರು ಲೆಕ್ಕವನ್ನು ಬಲ್ಲವರು. ಇಬ್ಬರೂ ಕೂಡದಿದ್ದರೆ ಈ ಸಿದ್ಧಾಂತ ಹುಟ್ಟುತ್ತಿರಲಿಲ್ಲ.

ದ್ವೀಪದ ಇರುವೆಗಳು ನಮಗೆ ಎಚ್ಚರಿಕೆಯ ಪಾಠವನ್ನೂ ಹೇಳಿವೆ. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪವಿದೆ. ಅದರ ವಿಸ್ತೀರ್ಣ 135 ಚದರ ಕಿಲೋಮೀಟರ್. ಅಲ್ಲಿನ ಕಾಡಿನ ನೆಲವನ್ನು ಕೋಟ್ಯಂತರ ಕೆಂಪು ಏಡಿಗಳು ಆಳುತ್ತಿದ್ದವು. ಬಿದ್ದ ಎಲೆಯನ್ನೂ ಮೊಳಕೆಯನ್ನೂ ತಿಂದು ಕಾಡನ್ನು ಹದದಲ್ಲಿಟ್ಟಿದ್ದವು. ಮನುಷ್ಯರ ಸಾಗಾಟದೊಂದಿಗೆ ಹಳದಿ ಬಣ್ಣದ ಒಂದು ಜಾತಿಯ ಇರುವೆ ಆ ದ್ವೀಪವನ್ನು ಹೊಕ್ಕಿತು. ಗಾಬರಿಗೊಂಡಂತೆ ಅತ್ತಿತ್ತ ಓಡುವುದರಿಂದ ಅದಕ್ಕೆ ‘ಹುಚ್ಚು ಇರುವೆ’ ಎಂದೇ ಹೆಸರು. ಅನೇಕ ವರ್ಷ ಸುಮ್ಮನಿದ್ದ ಅದು ರಾಣಿಗಳು ಹಲವಿರುವ ಮಹಾ ವಸಾಹತುಗಳನ್ನು ಕಟ್ಟಿಕೊಂಡಿರುವುದು 1989ರಲ್ಲಿ ಕಂಡುಬಂತು. ಮುಂದೆ ಅದು ಆಮ್ಲವನ್ನು ಚಿಮ್ಮಿ ಒಂದು ಕೋಟಿಗೂ ಮಿಕ್ಕ ಏಡಿಗಳನ್ನು ಕೊಂದಿತು. ಏಡಿಗಳು ಅಳಿದ ಕಡೆ ಕಾಡಿನ ಸ್ವರೂಪವೇ ಬದಲಾಯಿತು.

ಈ ಇರುವೆಗೆ ಬಲ ಬಂದದ್ದು ಮರದ ರಸ ಹೀರುವ ಅರಗಿನ ಜಾತಿಯ ಕೀಟಗಳು ಸುರಿಸುವ ಸಿಹಿದ್ರವದಿಂದ ಎಂದು ಸಂಶೋಧಕರು ಗುರುತಿಸಿದರು. ಆ ಕೀಟದ ಸಹಜ ಶತ್ರುವಾದ ಒಂದು ಪುಟ್ಟ ಕಣಜ ಮಲೇಷ್ಯದಲ್ಲಿತ್ತು. ಆಸ್ಟ್ರೇಲಿಯದ ವಿಶ್ವವಿದ್ಯಾಲಯ, ಅಲ್ಲಿನ ಉದ್ಯಾನಗಳ ಇಲಾಖೆ, ಮಲೇಷ್ಯದ ಅರಣ್ಯ ಸಂಶೋಧನಾ ಸಂಸ್ಥೆ ಈ ಮೂರೂ ಕೂಡಿ ಹಲವು ವರ್ಷ ಪರೀಕ್ಷೆ ನಡೆಸಿ, 2016ರ ಡಿಸೆಂಬರ್‌ನಲ್ಲಿ ಆ ಕಣಜವನ್ನು ದ್ವೀಪದಲ್ಲಿ ಬಿಟ್ಟವು. ಇರುವೆಯನ್ನು ಒಬ್ಬರು ಬಲ್ಲರು, ಕಣಜವನ್ನು ಇನ್ನೊಬ್ಬರು ಬಲ್ಲರು, ದ್ವೀಪವನ್ನು ಮತ್ತೊಬ್ಬರು ಬಲ್ಲರು. ಮೂವರ ಅರಿವೂ ಒಂದೆಡೆ ಸೇರಿದಾಗ ಮಾತ್ರ ದಾರಿ ತೋರಿತು.

ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪದ ನಿದರ್ಶನ ಇನ್ನೂ ಬೋಧಪ್ರದವಾದುದು. ಅಮೆರಿಕದ ಕ್ಯಾಲಿಫೋರ್ನಿಯ ವಿಜ್ಞಾನ ಅಕಾಡೆಮಿಯ ಬ್ರಯಾನ್ ಫಿಶರ್ ಅಲ್ಲಿ ದಶಕಗಳ ಕಾಲ ಇರುವೆಗಳನ್ನು ಅಭ್ಯಸಿಸಿದ್ದಾರೆ. ಇರುವೆಗಳನ್ನು ಡಬ್ಬಿಗಳಲ್ಲಿ ತುಂಬಿ ತಮ್ಮ ದೇಶಕ್ಕೆ ಸಾಗಿಸಿ ಸುಮ್ಮನಾಗುವುದು ಅವರಿಗೆ ಸಾಧ್ಯವಿತ್ತು. ಆದರೆ ರಾಜಧಾನಿ ಅಂಟನನರಿವೊದಲ್ಲಿ ಜೀವವೈವಿಧ್ಯ ಕೇಂದ್ರವೊಂದು ತಲೆಯೆತ್ತಿತು. ಆ ದ್ವೀಪದ ತರುಣ ತರುಣಿಯರೇ ಸಂಗ್ರಹಿಸುವ, ವಿಂಗಡಿಸುವ, ಗುರುತಿಸುವ ವಿದ್ಯೆಯಲ್ಲಿ ತರಬೇತಿ ಪಡೆದರು. ದ್ವೀಪದ ಅರಿವು ದ್ವೀಪದಲ್ಲಿಯೂ ಉಳಿಯುವ ವ್ಯವಸ್ಥೆಯಾಯಿತು.

ಕಡಲಿನಿಂದ ಇಷ್ಟು ದೂರವಿರುವ ನಮ್ಮ ತಾಲ್ಲೂಕುಗಳಿಗೆ ದ್ವೀಪಗಳ ಈ ಮಾತು ಹೇಗೆ ಅನ್ವಯಿಸುತ್ತದೆ? ಸುತ್ತಲೂ ನೀರಿದ್ದರೆ ಮಾತ್ರ ದ್ವೀಪವೆಂದು ತಿಳಿಯಬೇಕಾಗಿಲ್ಲ. ಒಂದು ಜೀವಿಗೆ ಬಾಳಲು ಬಾರದ ನೆಲ ಸುತ್ತುವರಿದಿದ್ದರೆ ಆ ಜೀವಿಯ ಮಟ್ಟಿಗೆ ಅದೂ ದ್ವೀಪವೇ. ಯಳಂದೂರಿನ ಬಯಲಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಗದ್ದೆ, ಕಬ್ಬಿನ ಹೊಲಗಳಾಚೆ ಬಿಳಿಗಿರಿರಂಗನ ಬೆಟ್ಟದ ಸಾಲು ಮೇಲೇಳುತ್ತದೆ. ಸುಮಾರು 600 ಮೀಟರ್ ಎತ್ತರದಿಂದ 1,800 ಮೀಟರ್ ಎತ್ತರದವರೆಗೆ ಹಬ್ಬಿದ ಆ ಬೆಟ್ಟಗಳಲ್ಲಿ ಕುರುಚಲು ಕಾಡು, ಎಲೆ ಉದುರುವ ಕಾಡು, ನಿತ್ಯಹಸುರಿನ ಕಾಡು, ಶೋಲಾ, ಹುಲ್ಲುಗಾವಲುಗಳು ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿಕೊಂಡಿವೆ. ಎತ್ತರದ ತಂಪಿನ ಶೋಲಾದಲ್ಲಿ ಬಾಳುವ ಪುಟ್ಟ ಕೀಟಕ್ಕೆ ಕೆಳಗಿನ ಬಿಸಿಲ ಬಯಲು ಕಡಲಿದ್ದಂತೆ. ವನ್ಯಧಾಮದ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್. ನಾಲ್ಕು ಕ್ರಿಸ್‌ಮಸ್ ದ್ವೀಪಗಳಷ್ಟು. ಆದರೂ ಇದು ಪೂರ್ಣವಾಗಿ ಒಂಟಿಯಾದ ನೆಲವಲ್ಲ. ಪಶ್ಚಿಮ ಘಟ್ಟಗಳಿಗೂ ಪೂರ್ವ ಘಟ್ಟಗಳಿಗೂ ನಡುವೆ ಇದು ಸೇತುವೆ. ಹನೂರಿನ ಕಡೆಯ ಮಲೆ ಮಹದೇಶ್ವರ ಬೆಟ್ಟದ ಕಾಡುಗಳು ಈ ಸೇತುವೆಯ ಮುಂದುವರಿಕೆ. ನಡುವಣ ಕಾಡಿನ ಪಟ್ಟಿ ಕಡಿದರೆ ಬೆಟ್ಟ ನಿಜವಾಗಿಯೂ ದ್ವೀಪವಾಗುತ್ತದೆ. ಚಿಕ್ಕದಾಗಿ ದೂರವಾದ ದ್ವೀಪದಲ್ಲಿ ಜೀವಿಗಳ ಬಗೆಗಳು ಕುಗ್ಗುತ್ತವೆ ಎಂಬುದನ್ನು ಆಗಲೇ ಕಂಡೆವು. ಹೊರಗಿನಿಂದ ಬಂದ ಲಂಟಾನ ಗಿಡ ಕಾಡಿನ ತಳವನ್ನು ಮುಚ್ಚುತ್ತಿರುವುದು ಈ ಅಪಾಯಕ್ಕೆ ಸೇರಿದ ಇನ್ನೊಂದು ಚಿಂತೆ.

ಈ ಬೆಟ್ಟಗಳನ್ನು ಬಲ್ಲವರಲ್ಲಿ ಮೊದಲಿಗರು ಸೋಲಿಗರು. ಬೆಟ್ಟದ ರಂಗನಾಥನನ್ನು ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ವರಿಸಿದ ಭಾವನೆಂದು ಕರೆಯುವ ಜನ ಇವರು. ದೊಡ್ಡಸಂಪಿಗೆ ಮರವನ್ನು ದೇವರೆಂದು ಪೂಜಿಸುವವರು. ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನುಗಳ ಗೂಡು, ಕಾಲ, ಹೂವುಗಳನ್ನು ಇವರು ಬಲ್ಲಷ್ಟು ಸೂಕ್ಷ್ಮವಾಗಿ ಬಲ್ಲವರು ಕಡಿಮೆ. ಆಂಗ್ ಸಿ ಎಂಬ ಭಾಷಾವಿಜ್ಞಾನಿ ಸೋಲಿಗರ ಪರಿಸರಜ್ಞಾನವನ್ನು ಅವರ ನುಡಿಯ ಮೂಲಕವೇ ಅಭ್ಯಸಿಸಿ 2016ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಜೇನು, ಕಣಜ, ಇರುವೆ ಈ ಮೂರೂ ಒಂದೇ ಕೀಟಗಣಕ್ಕೆ ಸೇರಿದ ಬಂಧುಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಜೇನಿನ ಜಾಡು ಹಿಡಿದು ನಡೆಯುವ ಕಣ್ಣಿಗೆ ಇರುವೆಯ ಸಾಲು ಕಾಣದೆ ಹೋಗುವುದಿಲ್ಲ.

ಈ ಅರಿವು ವಿಜ್ಞಾನಕ್ಕೆ ಹೇಗೆ ನೆರವಾಯಿತೆಂಬುದಕ್ಕೆ ನೆಲ್ಲಿಯ ಕಥೆ ಸಾಕ್ಷಿ. ಬೆಟ್ಟದ ನೆಲ್ಲಿಮರಗಳು ಸೊರಗುವುದನ್ನು ಕಂಡವರು, ಕಾಯಿ ಕೀಳುವ ಸೋಲಿಗರತ್ತ ಬೆರಳು ತೋರುವುದು ಸುಲಭವಾಗಿತ್ತು. ಸೋಲಿಗರು ಮಾತ್ರ ಬೇರೊಂದು ಕಾರಣವನ್ನು ಹೇಳಿದರು. ಮರವನ್ನು ಹಿಡಿದು ರಸ ಹೀರುವ ಬಂದಳಿಕೆ ಹೆಚ್ಚಿದೆ. ಹಿಂದೆ ಬೇಸಿಗೆಯ ಮೊದಲಲ್ಲಿ ತಾವು ಹಚ್ಚುತ್ತಿದ್ದ ‘ತರಗು ಬೆಂಕಿ’ ಎಂಬ ಲಘುವಾದ ನೆಲದ ಬೆಂಕಿ ಅದನ್ನು ಹತೋಟಿಯಲ್ಲಿಡುತ್ತಿತ್ತು. 1974ರಲ್ಲಿ ಕಾಡು ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು ಎಂದರು. ಸಂಶೋಧಕರು ಈ ಮಾತನ್ನು ಕಟ್ಟುಕಥೆಯೆಂದು ತಳ್ಳಿಹಾಕದೆ ತಮ್ಮ ಅಳತೆಗಳೊಡನೆ ಇಟ್ಟು ನೋಡಿ, 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದಕ್ಕೆ ಗೌರವದ ಸ್ಥಾನ ಕೊಟ್ಟರು. ಅಳೆಯುವ ವಿದ್ಯೆಯೂ ಬಾಳಿ ಬಲ್ಲ ವಿದ್ಯೆಯೂ ಒಂದನ್ನೊಂದು ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇಂಥ ಕೂಡು ದುಡಿಮೆಗೆ ಈ ಬೆಟ್ಟದಲ್ಲಿ ನೆಲೆಯೊಂದು ಸಿದ್ಧವಾಗಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರೋಗ್ಯ, ಶಿಕ್ಷಣಗಳ ಮೂಲಕ ಸೋಲಿಗರ ವಿಶ್ವಾಸವನ್ನು ಗಳಿಸಿತು. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ‘ಏಟ್ರೀ’ ಎಂದು ಹೆಸರಾದ ಪರಿಸರ ಸಂಶೋಧನಾ ಸಂಸ್ಥೆ ಈ ಬೆಟ್ಟದಲ್ಲಿ ಬಹುಕಾಲದಿಂದ ಅಧ್ಯಯನ ನಡೆಸಿದೆ. ಸೋಲಿಗ ಸಮುದಾಯದಿಂದಲೇ ಬಂದು ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂಥವರು ಆ ಸಂಸ್ಥೆಯಲ್ಲಿ ಸಂಶೋಧಕರಾಗಿ ದುಡಿದಿದ್ದಾರೆ. 2022ರಲ್ಲಿ ಅದೇ ಸಂಸ್ಥೆಯ ಎ. ಪಿ. ರಂಜಿತ್ ಮತ್ತು ಪ್ರಿಯದರ್ಶನನ್ ಧರ್ಮರಾಜನ್ ಈ ಬೆಟ್ಟದಲ್ಲಿ ದೊರೆತ ಕಣಜವೊಂದು ವಿಜ್ಞಾನಕ್ಕೆ ಪೂರ್ತಿ ಹೊಸದೆಂದು ಕಂಡುಕೊಂಡು, ಅದಕ್ಕಾಗಿ ಹೊಸ ಕುಲವನ್ನೇ ಸ್ಥಾಪಿಸಿ, ‘ಸೋಲಿಗ ಎಕರಿನಾಟ’ ಎಂದು ಹೆಸರಿಟ್ಟರು. ಬೆಟ್ಟದ ಮಕ್ಕಳ ಹೆಸರು ಜಗತ್ತಿನ ಕೀಟಶಾಸ್ತ್ರದ ಪುಟವನ್ನು ಸೇರಿತು. 2024ರಲ್ಲಿ ಇದೇ ಸಂಸ್ಥೆಯವರು ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯಲ್ಲಿ ದೊರೆತ ನೀಲಿ ಬಣ್ಣದ ಪುಟ್ಟ ಇರುವೆಗೆ ‘ನೀಲ’ ಎಂಬ ನಮ್ಮ ಮಾತನ್ನೇ ಹೆಸರಿನ ಭಾಗವಾಗಿ ಕೊಟ್ಟರು.

ಇವು ಸಂತೋಷದ ಸಂಗತಿಗಳು. ಹಳೆಯ ಕಾಲದೊಡನೆ ಹೋಲಿಸಿದರೆ ಇವುಗಳ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಬಿಂಗ್ಹಮ್ ಎಂಬ ಸೈನ್ಯಾಧಿಕಾರಿ 1903ರಲ್ಲಿ ಭಾರತದ ಇರುವೆಗಳನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅದು ಇಂದಿಗೂ ಉಪಯುಕ್ತವಾದ ವಿದ್ವತ್ತಿನ ಕೃತಿ. ಆದರೆ ಅಂದು ಹೆಸರಿಟ್ಟ ನಮ್ಮ ಅನೇಕ ಇರುವೆಗಳ ಮೂಲ ಮಾದರಿಗಳು ಲಂಡನ್, ಜಿನೀವಾ ಮೊದಲಾದ ನಗರಗಳ ಸಂಗ್ರಹಾಲಯಗಳಲ್ಲಿವೆ. ಮರ ಹತ್ತಿ, ಹುತ್ತ ಅಗೆದು ಅವುಗಳನ್ನು ಹಿಡಿದುಕೊಟ್ಟ ಕೈಗಳು ಯಾರವೆಂದು ಹುಡುಕಹೊರಟರೆ ಹೆಸರುಗಳು ಸಿಗುವುದು ಕಷ್ಟ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಬಂದು ಸೇರಿತೆಂಬ ಮಾತಿದೆಯಲ್ಲವೆ? ಜ್ಞಾನದ ಲೋಕದಲ್ಲಿಯೂ ಹಾಗೆ ಆಗಬಾರದು.

ಆದುದರಿಂದ ಸಹಭಾಗಿತ್ವ ಎಂಬ ಶಬ್ದವನ್ನು ನಾವು ಎಚ್ಚರದಿಂದ ಬಳಸಬೇಕು. ದಾರಿ ತೋರಿಸಲು, ಹೊರೆ ಹೊರಲು ಒಬ್ಬನನ್ನು ಕರೆದುಕೊಂಡು ಹೋಗಿ ಕೂಲಿ ಕೊಟ್ಟರೆ ಅದು ಕೂಲಿಯಾಯಿತೇ ಹೊರತು ಸಹಭಾಗಿತ್ವವಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ನಿಜವಾದ ಸಹಭಾಗಿತ್ವಕ್ಕೆ ಮೂರು ಲಕ್ಷಣಗಳಿರಬೇಕು. ಮೊದಲನೆಯದು, ಯಾವುದನ್ನು ಅಭ್ಯಸಿಸಬೇಕು ಎಂಬ ಪ್ರಶ್ನೆಯನ್ನು ಎತ್ತುವಾಗಲೇ ಸ್ಥಳೀಯರ ಮಾತಿಗೆ ಬೆಲೆಯಿರಬೇಕು. ಅರಿವನ್ನು ಕೊಟ್ಟವರ ಹೆಸರು ಅವರ ಒಪ್ಪಿಗೆಯೊಂದಿಗೆ ಬರಹದಲ್ಲಿ ಕಾಣಬೇಕು. ಎರಡನೆಯದು, ತಿಳಿದುಬಂದ ವಿಷಯ ಕನ್ನಡದಲ್ಲಿ ಹಿಂದಿರುಗಿ ಬರಬೇಕು. ದಕ್ಷಿಣ ಭಾರತದ ಇರುವೆಗಳನ್ನು ಕುರಿತು ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ 2006ರಲ್ಲಿ ಇಂಗ್ಲಿಷಿನಲ್ಲಿ ಒಳ್ಳೆಯ ಕೈಪಿಡಿಯನ್ನು ಹೊರತಂದರು. ಅಂಥ ಕೈಪಿಡಿಗಳು ಹನೂರಿನ, ಯಳಂದೂರಿನ ಶಾಲೆಗಳ ಕಪಾಟಿನಲ್ಲಿ ಕನ್ನಡದಲ್ಲಿ ದೊರೆಯಬೇಕು. ಮೂರನೆಯದು, ಬೆಟ್ಟದ ಮಕ್ಕಳು ದಾರಿ ತೋರುವವರಾಗಿಯೇ ಉಳಿಯದೆ ಸೂಕ್ಷ್ಮದರ್ಶಕದ ಮುಂದೆ ಕೂರುವವರೂ ಆಗಬೇಕು. ಕುಲಕ್ಕೆ ಸೋಲಿಗರ ಹೆಸರಿಡುವುದು ಗೌರವ. ಮುಂದಿನ ಕುಲಕ್ಕೆ ಹೆಸರಿಡುವವರಲ್ಲಿ ಸೋಲಿಗರ ಮಗಳೊಬ್ಬಳಿದ್ದರೆ ಅದು ನ್ಯಾಯ.

ಇದಕ್ಕೆ ಎದುರು ವಾದಗಳಿಲ್ಲದೆ ಇಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬಂತೆ, ಪೋಡುಗಳಿಗೆ ರಸ್ತೆ, ಆಸ್ಪತ್ರೆ, ಶಾಲೆಗಳ ಕೊರತೆಯಿರುವಾಗ ಇರುವೆಯ ಲೆಕ್ಕವೇಕೆ ಎಂದು ಕೆಲವರು ಕೇಳುತ್ತಾರೆ. ಈ ಕೊರತೆಗಳು ನಿಜ. ಅವುಗಳನ್ನು ನೀಗಿಸುವುದು ಸರ್ಕಾರದ ಕರ್ತವ್ಯ. ಆದರೆ ಕಾಡಿನ ಜೇನು, ನೆಲ್ಲಿ, ಅಂಟುವಾಳಗಳಿಂದ ಬಾಳುವವರಿಗೆ ಕಾಡಿನ ಆರೋಗ್ಯವೇ ಹಿಟ್ಟು. ಅದು ಮಲ್ಲಿಗೆಯ ಹೂವಲ್ಲ. ಇನ್ನು ಕೆಲವರು, ವಿಜ್ಞಾನವೆಂದರೆ ಕಟ್ಟುನಿಟ್ಟಿನ ಶಾಸ್ತ್ರ, ಅದರಲ್ಲಿ ಜನರ ನಂಬಿಕೆಗಳನ್ನು ಬೆರೆಸಬಾರದು ಎನ್ನುತ್ತಾರೆ. ಪರೀಕ್ಷಿಸದೆ ಯಾವ ಮಾತನ್ನೂ ಒಪ್ಪಬಾರದೆಂಬುದು ಸರಿ. ಆ ನಿಯಮ ಪಂಡಿತರ ಮಾತಿಗೂ ಅನ್ವಯಿಸುತ್ತದೆ. ಸೋಲಿಗರ ಮಾತನ್ನು ಪರೀಕ್ಷೆಗೆ ಒಡ್ಡುವುದು ಅದಕ್ಕೆ ತೋರುವ ಗೌರವವೇ ಆಗಿದೆ. ಕೇಳದೆಯೇ ತಳ್ಳಿಹಾಕುವುದು ಮಾತ್ರ ಅಶಾಸ್ತ್ರೀಯ. ಮತ್ತೆ ಕೆಲವರು, ಹೊರಗಿನವರು ಬರುವುದೇ ಬೇಡ ಎಂದು ಬಾಗಿಲು ಹಾಕಬಯಸುತ್ತಾರೆ. ಬಾಗಿಲು ಹಾಕಿದರೆ ಕ್ರಿಸ್‌ಮಸ್ ದ್ವೀಪಕ್ಕೆ ಮಲೇಷ್ಯದ ಕಣಜ ಬರುತ್ತಿರಲಿಲ್ಲ. ಮನೆಗೆ ಬಂದವರನ್ನು ಕರೆದು ಕೂರಿಸಬೇಕು. ಮನೆಯ ಯಜಮಾನಿಕೆಯನ್ನು ಮಾತ್ರ ಬಿಟ್ಟುಕೊಡಬಾರದು.

ಆ ಯಜಮಾನಿಕೆಗೆ ಕಾನೂನಿನ ಆಧಾರವೂ ಇದೆ. 2006ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳು ಸಾಮುದಾಯಿಕ ಹಕ್ಕುಗಳನ್ನು ಪಡೆದವು. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದುದೂ ಅದೇ ವರ್ಷ. ಹುಲಿಯ ಕಾಡಿನಲ್ಲಿ ಮನುಷ್ಯರ ಹಕ್ಕಿಗೂ ಎಡೆಯುಂಟೆಂದು ಇದು ದೇಶಕ್ಕೆ ತೋರಿಸಿತು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ಸಮಿತಿಯನ್ನು ರಚಿಸಿ, ಊರಿನ ಸಸ್ಯ ಪ್ರಾಣಿಗಳನ್ನೂ ಅವುಗಳ ಬಗೆಗಿನ ಜನರ ಅರಿವನ್ನೂ ದಾಖಲೆಯ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕದಲ್ಲಿ ಮರಗಳಿಗೆ, ಔಷಧಿಯ ಬೇರುಗಳಿಗೆ ಇರುವಂತೆ ಇರುವೆಗೂ ಒಂದು ಪುಟವಿರಬೇಕೆಂದು ಕೇಳುವ ಅಧಿಕಾರ ಊರಿನವರಿಗಿದೆ.

ಆ ಪುಟವನ್ನು ತುಂಬುವ ಕೆಲಸದಲ್ಲಿ ವಿದ್ಯಾರ್ಥಿಗಳಾದ ನಿಮಗೂ ಪಾಲುಂಟು. ಕೊಳ್ಳೇಗಾಲದ ಪೇಟೆಯ ಶಾಲೆಯ ಅಂಗಳವಾಗಲಿ, ಹನೂರಿನ ಹೊಲದ ಬದುವಾಗಲಿ, ಬೆಟ್ಟದ ಪೋಡಾಗಲಿ, ಇರುವೆಯಿಲ್ಲದ ಜಾಗವಿಲ್ಲ. ಒಂದು ಕಾಗದದ ಮೇಲೆ ಬೆಲ್ಲದ ಚೂರನ್ನಿಟ್ಟು, ಎಷ್ಟು ಹೊತ್ತಿಗೆ ಯಾವ ಇರುವೆ ಬಂತು, ಯಾವುದು ಯಾವುದನ್ನು ಓಡಿಸಿತು ಎಂದು ದಿನಾಂಕ, ವೇಳೆ, ಸ್ಥಳಗಳೊಡನೆ ಬರೆದಿಡಿ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಅದೇ ಜಾಗದಲ್ಲಿ ನೋಡಿ. ಮನೆಯ ಹಿರಿಯರು ಅದಕ್ಕೆ ಏನೆಂದು ಹೆಸರು ಹೇಳುತ್ತಾರೆಂದು ಕೇಳಿ, ಅವರ ಮಾತಿನಲ್ಲಿಯೇ ದಾಖಲಿಸಿ. ಹೇಳಿದವರ ಹೆಸರನ್ನೂ ಅವರನ್ನು ಕೇಳಿ ಬರೆದುಕೊಳ್ಳಿ. ಹತ್ತು ಶಾಲೆಗಳ ಮಕ್ಕಳು ಹತ್ತು ವರ್ಷ ಹೀಗೆ ಬರೆದರೆ, ದೊಡ್ಡ ಸಂಸ್ಥೆಯೂ ಕೇಳಿ ಪಡೆಯಬೇಕಾದ ದಾಖಲೆ ನಿಮ್ಮ ಊರಿನಲ್ಲಿ ಸಿದ್ಧವಾಗುತ್ತದೆ. ಆಗ ಸಂಶೋಧಕರು ನಿಮ್ಮ ಊರಿಗೆ ಬಂದಾಗ ನೀವು ಬರಿಗೈಯಲ್ಲಿ ನಿಂತು ನೋಡುವವರಾಗಿರುವುದಿಲ್ಲ. ನಿಮ್ಮ ಪುಸ್ತಕವನ್ನು ಮುಂದಿಟ್ಟು ಅವರೊಡನೆ ಒಂದೇ ಚಾಪೆಯ ಮೇಲೆ ಕುಳಿತು ಮಾತನಾಡುವವರಾಗಿರುತ್ತೀರಿ.